ಮಿದುಳಿಗೆ ಬೀಳುವ ಕೆಟ್ಟ ಹೆಪ್ಪು

ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕುರಿ ಸಾಕಣೆಯನ್ನು ಕುರಿತು ನಡೆದ ವಿಚಾರಗೋಷ್ಠಿ ಮುಗಿದು ಎಲ್ಲರೂ ಏಳುವ ಹೊತ್ತಿನಲ್ಲಿ ಇಬ್ಬರು ಎರಡು ಪ್ರಶ್ನೆ ಕೇಳಿದರು. ಮೊದಲನೆಯವರು ಕುರಿಗಾಹಿ. "ಸಾಮಿ, ಕೋಳಿ ಫಾರಂನಲ್ಲಿ ಉಳಿದ ಆಹಾರ ಅಗ್ಗಕ್ಕೆ ಸಿಗ್ತೈತೆ. ಕುರಿಗೆ ಹಾಕಿದ್ರೆ ಬೇಗ ಮೈ ಕಟ್ತಾವೆ ಅಂತಾರೆ. ಹಾಕಬೌದಾ?" ಎಂದರು. ಎರಡನೆಯವರು ಹೊಳಲ್ಕೆರೆ ಕಡೆಯಿಂದ ನೆಂಟರ ಮನೆಗೆ ಬಂದಿದ್ದ ಅಡಿಕೆ ತೋಟದವರು. ಜನ ಚೆದುರುವವರೆಗೂ ಕಾದಿದ್ದು ತಗ್ಗಿದ ದನಿಯಲ್ಲಿ ಕೇಳಿದರು: "ನಮ್ಮಣ್ಣಗೆ ಬಲಗೈ ಸುಮ್ನೆ ಕುಂತಾಗಲೇ ಅಲ್ಲಾಡ್ತೈತೆ. ಪಂಚೆ ಗಂಟು ಹಾಕೋಕೂ ಆಗಲ್ಲ. ಎಲ್ಲಾ ವಯಸ್ಸು ಅಂತಾರೆ, ಅವನಿಗಿನ್ನೂ ಅರವತ್ತು ತುಂಬಿಲ್ಲ. ಇಪ್ಪತ್ತು ವರ್ಷ ತೋಟಕ್ಕೆ ಕಳೆ ಔಷಧಿ ಹೊಡೆದೋನು ಅವನೇ ಸಾಮಿ. ಅದ್ರಿಂದ ಬಂತಾ?"

ಒಂದು ಕುರಿಯ ಮೇವಿನ ಪ್ರಶ್ನೆ, ಇನ್ನೊಂದು ಮನುಷ್ಯನ ಕೈ ನಡುಕದ ಪ್ರಶ್ನೆ. ಇವೆರಡಕ್ಕೂ ಏನು ಸಂಬಂಧ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಎರಡಕ್ಕೂ ಉತ್ತರ ಹೇಳಬೇಕಾದರೆ ಒಂದೇ ಸಂಗತಿಯಿಂದ ಪ್ರಾರಂಭಿಸಬೇಕಾಗುತ್ತದೆ. ಅದು ಮಿದುಳಿನೊಳಗೆ ಸಸಾರಜನಕದ ಮಡಿಕೆ ತಪ್ಪುವ ಸಂಗತಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಕುರಿಯೂ ಇದೆ, ತೋಟವೂ ಇದೆ, ಮನೆಮನೆಯಲ್ಲೂ ವಯಸ್ಸಾದವರಿದ್ದಾರೆ. ಆದ್ದರಿಂದ ವಿಷಯ ಸ್ವಲ್ಪ ಕಷ್ಟದ್ದೆನಿಸಿದರೂ ರೈತ ಬಾಂಧವರು ತಾಳ್ಮೆಯಿಂದ ಓದಬೇಕೆಂದು ಕೋರುತ್ತೇವೆ.

ಸಸಾರಜನಕ ಮತ್ತು ಅದರ ಮಡಿಕೆ

ಸಸಾರಜನಕ ಎಂದೊಡನೆ ನಮಗೆ ಬೇಳೆ, ಹಾಲು, ಮೊಟ್ಟೆ, ಶೇಂಗಾ ಹಿಂಡಿ ನೆನಪಾಗುತ್ತವೆ. ಅವು ಹೊಟ್ಟೆಗೆ ಹೋಗುವ ಸಸಾರಜನಕ. ನಮ್ಮ ದೇಹದ ಒಂದೊಂದು ಜೀವಕೋಶದೊಳಗೂ ಸಾವಿರಾರು ಬಗೆಯ ಸಸಾರಜನಕಗಳು ತಯಾರಾಗುತ್ತಲೇ ಇರುತ್ತವೆ. ಆಹಾರ ಜೀರ್ಣಿಸುವುದು, ರಕ್ತದಲ್ಲಿ ಪ್ರಾಣವಾಯು ಸಾಗಿಸುವುದು, ಒಂದು ನರದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು, ಎಲ್ಲವೂ ಅವುಗಳಿಂದಲೇ ನಡೆಯುವ ಕೆಲಸ.

ಸಸಾರಜನಕವೆಂದರೆ ಮಣಿ ಪೋಣಿಸಿದ ಸರವಿದ್ದಂತೆ. ಮಣಿಗಳು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು. ಆದರೆ ಸರ ಉದ್ದಕ್ಕೆ ಬಿದ್ದಿದ್ದರೆ ಪ್ರಯೋಜನವಿಲ್ಲ, ತನ್ನದೇ ಒಂದು ರೀತಿಯಲ್ಲಿ ಮಡಿಚಿಕೊಂಡು ಆಕಾರ ತಳೆಯಬೇಕು. ನಮ್ಮ ಕಂಬಳಿಯನ್ನೇ ನೋಡಿ. ಕೊಪ್ಪೆ ಮಾಡಿ ತಲೆಗೆ ಹಾಕಿದರೆ ಮಳೆ ತಡೆಯುತ್ತದೆ, ನಾಲ್ಕು ಮಡಿಕೆ ಹಾಕಿ ಹಾಸಿದರೆ ಕೂರುವುದಕ್ಕಾಗುತ್ತದೆ, ಮುದ್ದೆಗಟ್ಟಿ ಮೂಲೆಗೆ ಎಸೆದರೆ ಯಾವುದಕ್ಕೂ ಬಾರದು. ಕಂಬಳಿ ಒಂದೇ, ಮಡಿಕೆ ಬೇರೆ. ಸರದಲ್ಲಿ ಮಣಿಗಳು ಯಾವ ಕ್ರಮದಲ್ಲಿವೆ ಎಂಬುದೇ ಮಡಿಕೆ ಹೇಗಿರಬೇಕೆಂದು ನಿರ್ಧರಿಸುತ್ತದೆ ಎಂಬುದನ್ನು ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್‌ಸೆನ್ ಪ್ರಯೋಗದಿಂದ ತೋರಿಸಿಕೊಟ್ಟರು. ಅವರಿಗೆ 1972ರಲ್ಲಿ ನೊಬೆಲ್ ಬಹುಮಾನ ಬಂದಿತು.

ಮಡಿಕೆ ಕೆಟ್ಟರೆ ಏನಾಗುತ್ತದೆಂಬುದು ಅಡುಗೆ ಮನೆಯಲ್ಲೇ ಕಾಣುತ್ತದೆ. ಮೊಟ್ಟೆಯ ಲೋಳೆ ತಿಳಿಯಾದ ದ್ರವ. ಬೇಯಿಸಿದರೆ ಬೆಳ್ಳಗೆ ಗಟ್ಟಿಯಾಗುತ್ತದೆ, ಮತ್ತೆಷ್ಟು ತಣ್ಣಗೆ ಮಾಡಿದರೂ ಲೋಳೆಯಾಗದು. ಸರಗಳು ಬಿಚ್ಚಿಕೊಂಡು ಒಂದಕ್ಕೊಂದು ಸಿಕ್ಕಿಹಾಕಿಕೊಂಡಿರುತ್ತವೆ. ಇದಕ್ಕಿಂತಲೂ ಒಳ್ಳೆಯ ಉದಾಹರಣೆ ರೇಷ್ಮೆ ಸಾಕುವವರ ಮನೆಯಲ್ಲಿದೆ. ಹಣ್ಣಾದ ಹುಳುವಿನ ಹೊಟ್ಟೆಯೊಳಗಿನ ಗ್ರಂಥಿಯಲ್ಲಿ ರೇಷ್ಮೆ ಇರುವುದು ನೀರಿನಲ್ಲಿ ಕರಗಿದ ಸಸಾರಜನಕವಾಗಿ. ಹುಳು ಅದನ್ನು ಬಾಯಿಂದ ಎಳೆದು ಬಿಡುವಾಗ ಸರಗಳು ಚಪ್ಪಟೆ ಹಾಳೆಗಳಂತೆ ಒಂದರ ಮೇಲೊಂದು ಜೋಡಿಕೊಂಡು ಎಳೆಯಾಗುತ್ತವೆ. ಆಮೇಲೆ ಗೂಡನ್ನು ಕುದಿಯುವ ನೀರಿನಲ್ಲಿ ಹಾಕಿದರೂ ಮೇಲಿನ ಅಂಟು ಬಿಡುತ್ತದೆಯೇ ಹೊರತು ಎಳೆ ಕರಗುವುದಿಲ್ಲ. ಹುಳುವಿಗೆ ಅದು ಬೇಕಾದ ಕೆಲಸ. ಮಿದುಳಿನ ಒಳಗೆ ಸುಮಾರಾಗಿ ಇದೇ ತರಹದ ಹಾಳೆ ಕಟ್ಟುವ ಕೆಲಸ ನಡೆದರೆ ಅದೇ ರೋಗ.

ಜೀವಕೋಶಕ್ಕೆ ಇದರ ಅರಿವಿಲ್ಲವೆಂದಲ್ಲ. ಮಡಿಕೆಗೆ ನೆರವಾಗುವ ಸಹಾಯಕ ಸಸಾರಜನಕಗಳಿವೆ. ಕೆಟ್ಟ ಮಡಿಕೆಯವನ್ನು ಹುಡುಕಿ ಚೂರು ಮಾಡಿ ಹೊರಹಾಕುವ ವ್ಯವಸ್ಥೆಯೂ ಇದೆ. ಆದರೆ ಚರ್ಮದ ಕೋಶಗಳಂತೆ ನರಕೋಶಗಳು ಹಳೆಯವು ಹೋಗಿ ಹೊಸವು ಬರುವಂಥವಲ್ಲ. ಅವುಗಳಲ್ಲಿ ಬಹುಪಾಲು ನಮ್ಮ ಜೊತೆಯಲ್ಲೇ ಹುಟ್ಟಿ ನಮ್ಮಷ್ಟೇ ವಯಸ್ಸಾಗುವಂಥವು. ಅರವತ್ತು ವರ್ಷದ ಕಸ ಅಲ್ಲೇ ಉಳಿಯಬಹುದು. ವಯಸ್ಸಾದಂತೆ ಗುಡಿಸುವ ಶಕ್ತಿಯೂ ಕುಂದುತ್ತದೆ. ಈ ರೋಗಗಳು ಹೆಚ್ಚಾಗಿ ಮುಪ್ಪಿನಲ್ಲಿ ಕಾಣಿಸುವುದಕ್ಕೆ ಇದು ಒಂದು ಮುಖ್ಯ ಕಾರಣ.

ಜೀವವಿಲ್ಲದ ಹೆಪ್ಪು

ಇಷ್ಟೇ ಆಗಿದ್ದರೆ ಅಲ್ಲೊಂದು ಇಲ್ಲೊಂದು ಕೋಶ ಸತ್ತು ಸುಮ್ಮನಾಗುತ್ತಿತ್ತು. ತೊಂದರೆ ಇರುವುದು ಮುಂದಿನ ಹಂತದಲ್ಲಿ. ತಪ್ಪು ಮಡಿಕೆಯ ಸಸಾರಜನಕವು ತನ್ನ ಪಕ್ಕದಲ್ಲಿರುವ ಸರಿಯಾದ ಮಡಿಕೆಯದನ್ನು ತಾಗಿದಾಗ ಅದನ್ನೂ ತನ್ನಂತೆಯೇ ಮಾಡಿಕೊಳ್ಳುತ್ತದೆ. ಅದು ಇನ್ನೊಂದನ್ನು, ಇನ್ನೊಂದು ಮತ್ತೊಂದನ್ನು. ಹೀಗೆ ಎಳೆ ಬೆಳೆದು, ಮುರಿದು, ಮುರಿದ ತುಂಡುಗಳು ಪಕ್ಕದ ನರಕೋಶಕ್ಕೆ ದಾಟುತ್ತವೆ.

ನಮ್ಮ ಮನೆಗಳಲ್ಲಿ ಇದನ್ನು ಹೆಪ್ಪು ಎನ್ನುತ್ತೇವೆ. ಒಂದು ಚಮಚ ಮಜ್ಜಿಗೆ ಒಂದು ಕೊಡ ಹಾಲನ್ನು ಬೆಳಗಾಗುವುದರೊಳಗೆ ಮೊಸರು ಮಾಡುತ್ತದೆ. ಹೋಲಿಕೆ ಸರಿಯಾದದ್ದೇ, ಆದರೆ ಒಂದು ಕಡೆ ಮಾತ್ರ ಹೊಂದುವುದಿಲ್ಲ, ಮತ್ತು ವಿಜ್ಞಾನಿಗಳು ಬಹುಕಾಲ ಎಡವಿದ್ದೂ ಅಲ್ಲೇ. ಮಜ್ಜಿಗೆಯಲ್ಲಿ ಜೀವಾಣುಗಳಿವೆ, ಕುದಿಸಿದರೆ ಸಾಯುತ್ತವೆ, ಹೆಪ್ಪು ಹಿಡಿಯುವುದಿಲ್ಲ. ಮಿದುಳಿನ ಕೆಟ್ಟ ಹೆಪ್ಪಿನಲ್ಲಿ ಜೀವವೇ ಇಲ್ಲ. ಜೀವವಿಲ್ಲದ್ದನ್ನು ಕೊಲ್ಲುವುದು ಹೇಗೆ?

ಕುರಿ ಕಲಿಸಿದ ಪಾಠ

ಈ ಪಾಠವನ್ನು ಲೋಕಕ್ಕೆ ಕಲಿಸಿದ್ದು ಕುರಿ. ಇಂಗ್ಲೆಂಡಿನಲ್ಲಿ 1732ರಷ್ಟು ಹಿಂದೆಯೇ ಕುರಿಗಳಿಗೆ ಒಂದು ವಿಚಿತ್ರ ಜಾಡ್ಯ ಬರುತ್ತಿದ್ದುದು ದಾಖಲಾಗಿದೆ. ರೋಗ ತಗುಲಿದ ಕುರಿ ಬೇಲಿ ಕಂಬಕ್ಕೆ, ಗೋಡೆಗೆ ಮೈ ಉಜ್ಜಿ ಉಜ್ಜಿ ತುಪ್ಪಟ ಕಿತ್ತುಕೊಳ್ಳುತ್ತದೆ. ಆಮೇಲೆ ಹಿಂಗಾಲು ತೂರಾಡಿ, ಬಡಕಲಾಗಿ ಕೆಲವು ತಿಂಗಳಲ್ಲಿ ಸಾಯುತ್ತದೆ. ಉಜ್ಜುವುದರಿಂದ ಸ್ಕ್ರೇಪಿ ಎಂದು ಹೆಸರಾಯಿತು. ಎರಡರಿಂದ ಐದು ವರ್ಷದ ಕುರಿಗಳಲ್ಲಿ ಹೆಚ್ಚು. ಸತ್ತ ಕುರಿಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸ್ಪಂಜಿನಂತೆ ತೂತು ತೂತು.

1930ರ ದಶಕದಲ್ಲಿ ಬ್ರಿಟನ್ನಿನಲ್ಲಿ ಕುರಿಗಳ ಬೇರೊಂದು ರೋಗಕ್ಕೆಂದು ಕುರಿಯ ಮಿದುಳಿನಿಂದಲೇ ಲಸಿಕೆ ತಯಾರಿಸಿ, ರೋಗಾಣು ಸಾಯಲೆಂದು ಫಾರ್ಮಲಿನ್ ಹಾಕಿ, ಸಾವಿರಾರು ಕುರಿಗಳಿಗೆ ಚುಚ್ಚಿದರು. ಎರಡು ವರ್ಷ ಕಳೆದ ಮೇಲೆ ಆ ಕುರಿಗಳಲ್ಲಿ ಅನೇಕವು ಸ್ಕ್ರೇಪಿಯಿಂದ ಉಜ್ಜಿಕೊಳ್ಳತೊಡಗಿದವು. ಲಸಿಕೆಗೆ ಬಳಸಿದ ಕುರಿಗಳಲ್ಲೇ ರೋಗವಿತ್ತು, ಫಾರ್ಮಲಿನ್ ಅದನ್ನು ಕೊಂದಿರಲಿಲ್ಲ. ಮುಂದೆ 1960ರ ದಶಕದಲ್ಲಿ ಲಂಡನ್ನಿನಲ್ಲಿ ಟಿಕ್ವಾ ಆಲ್ಪರ್ ಎಂಬ ವಿಜ್ಞಾನಿ ವೈರಸ್ಸುಗಳನ್ನು ನಾಶಪಡಿಸುವಂಥ ಕಿರಣ ಹಾಯಿಸಿ ನೋಡಿದರು. ರೋಗದ ಅಂಟುವ ಗುಣ ಹೋಗಲಿಲ್ಲ. ಬೇಯಿಸಿದರೂ ಹೋಗದು, ಕಿರಣಕ್ಕೂ ಹೋಗದು. ಕೊನೆಗೆ 1982ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಪ್ರೂಸಿನರ್ ಇದು ಬರೀ ಸಸಾರಜನಕ ಎಂದು ಹೇಳಿ ಅದಕ್ಕೆ ಪ್ರಿಯಾನ್ ಎಂದು ಹೆಸರಿಟ್ಟರು. ಆಗ ನಕ್ಕವರು ಬಹಳ. 1997ರಲ್ಲಿ ನೊಬೆಲ್ ಬಹುಮಾನ ಅವರಿಗೇ ಬಂದಿತು.

ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೃಷಿ ಮೇಳಕ್ಕೆಂದು ನಮ್ಮ ಜಿಲ್ಲೆಯಿಂದ ಹೋದವರು ಅದೇ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕಟ್ಟಡಗಳನ್ನು ಕಂಡಿರಬಹುದು. ಅಲ್ಲಿ ಜಯಂತ್ ಉದ್ಗಾಂವ್ಕರ್ ಅವರ ತಂಡ ಅನೇಕ ವರ್ಷ ಇದೇ ಪ್ರಿಯಾನ್ ಸಸಾರಜನಕದ ಮಡಿಕೆ ಎಲ್ಲಿ ಮೊದಲು ಸಡಿಲಗೊಳ್ಳುತ್ತದೆ, ತಪ್ಪು ಮಡಿಕೆಗೆ ಹೇಗೆ ತಿರುಗುತ್ತದೆ ಎಂಬುದನ್ನು ಅಭ್ಯಾಸ ಮಾಡಿತು. ರಾಗಿ ತಳಿಗಳ ತಾಕುಗಳಿಗೂ ಆ ಪ್ರಯೋಗಾಲಯಕ್ಕೂ ಬಹಳ ದೂರವೇನಿಲ್ಲ.

ಇನ್ನು ನಮ್ಮ ಕುರಿಗಳ ಮಾತು. ಭಾರತದಲ್ಲಿ ಹಿಮಾಲಯದ ತಪ್ಪಲಿನ ಕುರಿಗಳಲ್ಲಿ ಸ್ಕ್ರೇಪಿ ಕಂಡುದಾಗಿ 1961ರಲ್ಲಿ ವರದಿಯಾಗಿದೆ. ಇದನ್ನೋದಿ ರೊಪ್ಪದಲ್ಲಿ ಮೈ ಉಜ್ಜುವ ಕುರಿಯನ್ನೆಲ್ಲ ಅನುಮಾನದಿಂದ ನೋಡಬೇಕಾಗಿಲ್ಲ. ನಮ್ಮಲ್ಲಿ ಕುರಿ ಉಜ್ಜಿಕೊಂಡರೆ ಕಜ್ಜಿ, ಹೇನು ಅಥವಾ ಉಣ್ಣಿ ಎಂದೇ ಮೊದಲು ತಿಳಿಯತಕ್ಕದ್ದು. ಒಂದೇ ಕಡೆಗೆ ಸುತ್ತು ತಿರುಗಿದರೆ ತಲೆಯೊಳಗೆ ನಾಯಿಯ ಲಾಡಿಹುಳುವಿನ ನೀರುಗುಳ್ಳೆ ಬೆಳೆದಿರುವ ಸಂಭವ ಹೆಚ್ಚು. ಅಂಥ ಕುರಿ ಸತ್ತರೆ ತಲೆಯನ್ನು ನಾಯಿಗೆ ಹಾಕದೆ ಸುಡಬೇಕು, ಇಲ್ಲವಾದರೆ ಅದೇ ನಾಯಿಯಿಂದ ಮುಂದಿನ ಮರಿಗೆ ಬರುತ್ತದೆ. ಔಷಧಕ್ಕೆ ಬಗ್ಗದೆ ಉಜ್ಜುತ್ತಲೇ ತೂರಾಡುವ ದೊಡ್ಡ ಕುರಿ ಕಂಡರೆ ಕೊಯ್ಯಬೇಡಿ, ಮಾರಲೂಬೇಡಿ, ಪಶುವೈದ್ಯರಿಗೆ ತಿಳಿಸಿ. ಇಷ್ಟು ಶತಮಾನಗಳಲ್ಲಿ ಸ್ಕ್ರೇಪಿ ಕುರಿಯಿಂದ ಮನುಷ್ಯರಿಗೆ ಅಂಟಿದ್ದು ಸಿದ್ಧಪಟ್ಟಿಲ್ಲ ಎಂಬುದನ್ನೂ ಹೇಳಬೇಕು. ತಲೆಮಾಂಸ ತಿಂದವರು ಗಾಬರಿಯಾಗಬೇಕಿಲ್ಲ.

ಹುಚ್ಚು ಹಸು ರೋಗ

ಹಸುವಿನ ವಿಷಯ ಹೀಗಿಲ್ಲ. ಬ್ರಿಟನ್ನಿನಲ್ಲಿ ಹಾಲು ಹೆಚ್ಚಲೆಂದು, ಕಸಾಯಿಖಾನೆಯಲ್ಲಿ ಉಳಿದ ಮಾಂಸ, ಮೂಳೆ, ಮಿದುಳುಗಳನ್ನು ಕಾಯಿಸಿ ಪುಡಿ ಮಾಡಿ, ಅದನ್ನು ಹಸುವಿನ ಹಿಂಡಿಗೆ ಬೆರೆಸುವುದು ರೂಢಿಯಾಗಿತ್ತು. ಹುಲ್ಲು ಮೇಯುವ ಪ್ರಾಣಿಗೆ ಅದರ ಜಾತಿಯದ್ದೇ ಮಾಂಸ ತಿನ್ನಿಸಿದಂತಾಯಿತು. 1986ರಲ್ಲಿ ಹಸುಗಳು ಬೆದರಿ, ಒದ್ದು, ಕಾಲು ಜಾರಿ ಬೀಳುವ ಹೊಸ ರೋಗ ಪತ್ತೆಯಾಯಿತು. ಮಿದುಳು ನೋಡಿದರೆ ಅದೇ ಸ್ಪಂಜು. 1988ರಲ್ಲಿ ಆ ಪುಡಿಯನ್ನು ಮೆಲುಕು ಹಾಕುವ ಪ್ರಾಣಿಗಳಿಗೆ ಹಾಕಬಾರದೆಂದು ನಿಷೇಧಿಸಿದರು. ರೋಗ ಹೊರಗೆ ಕಾಣಲು ನಾಲ್ಕೈದು ವರ್ಷ ಬೇಕಾದ್ದರಿಂದ 1992ರ ವರೆಗೂ ಏರುತ್ತಲೇ ಹೋಯಿತು. ಒಟ್ಟು 1,80,000ಕ್ಕೂ ಹೆಚ್ಚು ಹಸುಗಳಲ್ಲಿ ರೋಗ ದೃಢಪಟ್ಟಿತು. ಮುನ್ನೆಚ್ಚರಿಕೆಗಾಗಿ ಕೊಂದು ಸುಟ್ಟವು 40 ಲಕ್ಷಕ್ಕೂ ಮೀರಿದವು.

ಮನುಷ್ಯರಿಗೇನೂ ಆಗದೆಂದು ಅಲ್ಲಿನ ಸರ್ಕಾರ ಭರವಸೆ ಕೊಡುತ್ತಲೇ ಇತ್ತು. 1996ರ ಮಾರ್ಚಿಯಲ್ಲಿ ಆ ಮಾತನ್ನು ಹಿಂದೆಗೆದುಕೊಳ್ಳಬೇಕಾಯಿತು. ಅಂಥ ದನದ ಮಾಂಸದ ಪದಾರ್ಥ ತಿಂದವರಲ್ಲಿ, ಅದರಲ್ಲೂ ಎಳೆ ವಯಸ್ಸಿನವರಲ್ಲಿ, ಅದೇ ಬಗೆಯ ಮಿದುಳು ರೋಗ ಕಾಣಿಸಿಕೊಂಡಿತು. ಬ್ರಿಟನ್ನಿನಲ್ಲಿ ಅದರಿಂದ ಸತ್ತವರು 178 ಮಂದಿ. ಸಂಖ್ಯೆ ದೊಡ್ಡದಲ್ಲ ಎನಿಸಬಹುದು. ಆದರೆ ಒಬ್ಬರೂ ಬದುಕಲಿಲ್ಲ.

ಭಾರತದ ದನಗಳಲ್ಲಿ ಈ ರೋಗ ಕಂಡುಬಂದಿಲ್ಲ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ 2010ರಲ್ಲಿ ನಮ್ಮ ದೇಶವನ್ನು ಈ ರೋಗದ ಅಪಾಯ ನಗಣ್ಯವಾಗಿರುವ ದೇಶಗಳ ಸಾಲಿಗೆ ಸೇರಿಸಿತು. ನಮ್ಮ ದನ ಕುರಿಗಳು ಹುಲ್ಲು, ಸಿಪ್ಪೆ, ಹಿಂಡಿ ತಿಂದು ಬೆಳೆದದ್ದು ಇದಕ್ಕೆ ದೊಡ್ಡ ಕಾರಣ. ಹಾಲು ಮಾಂಸ ಕೊಡುವ ಪ್ರಾಣಿಗಳಿಗೆ, ಕೋಳಿ, ಹಂದಿ, ಮೀನುಗಳನ್ನು ಬಿಟ್ಟು, ದನ ಅಥವಾ ಹಂದಿಯ ಮಾಂಸ, ಮೂಳೆ, ರಕ್ತದ ಪುಡಿ ಇರುವ ಆಹಾರ ಹಾಕಬಾರದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೂ ಇದೆ.

ಕುರಿಗಾಹಿಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಕೋಳಿಯ ಆಹಾರದಲ್ಲಿ ಮಾಂಸ ಮೂಳೆ ಪುಡಿ ಇರಬಹುದು, ಕೋಳಿಗೆ ಅದಕ್ಕೆ ಅಡ್ಡಿಯಿಲ್ಲ. ಆದರೆ ಅದೇ ಚೀಲವನ್ನು ಕುರಿಗೆ, ಹಸುವಿಗೆ ಸುರಿಯಬಾರದು. ಕೋಳಿ ಆಹಾರ ಬೆರೆಸಿದ ಬಾನಿಯಲ್ಲಿ ಕುರಿಯ ಆಹಾರ ಬೆರೆಸುವುದೂ ಬೇಡ. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆ ಪಕ್ಕದಲ್ಲೇ ಇರುವಾಗ, ಶೇಂಗಾ ಹಿಂಡಿ ಕೈಗೆಟುಕುವಾಗ, ನಮ್ಮವರು ಆ ದಾರಿ ಹಿಡಿಯಬೇಕಾದ ಅವಶ್ಯಕತೆಯಾದರೂ ಏನು? ಬೇಸಗೆಯಲ್ಲಿ ದನ ಕುರಿ ಬಯಲಲ್ಲಿ ಬಿದ್ದ ಮೂಳೆ ಅಗಿಯುತ್ತಿದ್ದರೆ ಅದು ರಂಜಕದ ಕೊರತೆಯ ಗುರುತು. ಖನಿಜ ಮಿಶ್ರಣ ಕೊಡಬೇಕು, ಮೂಳೆ ಕೊಡಬಾರದು. ಮೂಳೆ ಗೊಬ್ಬರ ಭೂಮಿಗೆ ಒಳ್ಳೆಯದು, ಗೋದಲಿಗೆ ಅಲ್ಲ.

ಮನುಷ್ಯರ ಮಿದುಳಿನಲ್ಲಿ

ಪ್ರಿಯಾನ್ ರೋಗ ಮನುಷ್ಯರಿಗೆ ಮಾಂಸದಿಂದಲೇ ಬರಬೇಕೆಂದಿಲ್ಲ. ಯಾವ ಕಾರಣವೂ ಕಾಣದೆ ತಾನಾಗಿ ಬರುವ ಬಗೆಯೇ ಹೆಚ್ಚು. ಕ್ರೂಟ್ಸ್‌ಫೆಲ್ಟ್-ಯಾಕೋಬ್ ರೋಗವೆಂಬ ಇದು ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುವ ಅಪರೂಪದ ರೋಗ. ನೆಟ್ಟಗಿದ್ದವರು ಕೆಲವೇ ತಿಂಗಳಲ್ಲಿ ಗುರುತು ಮರೆತು, ಮೈ ಜುಮುಕಿಸಿ, ಹಾಸಿಗೆ ಹಿಡಿಯುತ್ತಾರೆ. 1971ರಿಂದ 1990ರ ವರೆಗೆ ಭಾರತದಲ್ಲಿ ಕಂಡ ಈ ರೋಗಿಗಳ ವಿವರಗಳನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಪಿ. ಸತೀಶ್ಚಂದ್ರ ಮತ್ತು ಡಾ. ಎಸ್. ಕೆ. ಶಂಕರ್ ಒಟ್ಟುಗೂಡಿಸಿ 1991ರಲ್ಲಿ ಪ್ರಕಟಿಸಿದರು. ಸತ್ತ ಮೇಲೆ ಮಿದುಳು ದಾನ ಮಾಡುವವರು ನಮ್ಮಲ್ಲಿ ಕಡಿಮೆ. ಆದರೂ 1995ರಲ್ಲಿ ಅಲ್ಲೇ ಮಾನವ ಮಿದುಳು ಸಂಗ್ರಹಾಲಯ ಪ್ರಾರಂಭವಾಯಿತು. ಮುಂದೆ ಹೇಳುವ ರೋಗಗಳನ್ನೂ ಅಂಥ ಕಡೆಯಲ್ಲಿ ಕುಯ್ದು ನೋಡಿಯೇ ತಿಳಿಯಬೇಕಾಯಿತು.

ಇದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ನಮ್ಮ ಹಳ್ಳಿಗಳಲ್ಲಿರುವುದು ಮರೆವಿನ ರೋಗ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್ ಇದನ್ನು ವರ್ಣಿಸಿದರು. ಇದರಲ್ಲಿ ಎರಡು ಸಸಾರಜನಕಗಳು ಕೆಡುತ್ತವೆ. ಬೀಟಾ ಅಮೈಲಾಯ್ಡ್ ನರಕೋಶಗಳ ಹೊರಗೆ ಹೆಪ್ಪುಗಟ್ಟುತ್ತದೆ, ಟೌ ಎಂಬುದು ಕೋಶದೊಳಗೆ ಸಿಕ್ಕುಗಟ್ಟುತ್ತದೆ. ಮರೆವು ಕಾಣುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ ಇದು ಪ್ರಾರಂಭವಾಗಿರುತ್ತದೆ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಬುದ್ಧಿ ಮಂಕಾಗುವ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಆಲ್ಜೈಮರ್ ರೋಗ ಇದರಲ್ಲಿ ದೊಡ್ಡ ಪಾಲು. ನಮ್ಮ ರಾಜ್ಯದಲ್ಲೇ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನಲವತ್ತೈದು ದಾಟಿದವರನ್ನು ವರ್ಷವರ್ಷವೂ ಪರೀಕ್ಷಿಸುವ ದೊಡ್ಡ ಅಧ್ಯಯನವೊಂದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ನಡೆಸುತ್ತಿದೆ.

ಉಂಡ ಅಜ್ಜಿ "ಊಟಕ್ಕೆ ಇಕ್ಕಲಿಲ್ಲ" ಎಂದು ಓಣಿಯಲ್ಲಿ ದೂರುತ್ತಾಳೆ, ಸೊಸೆಗೆ ಕೆಟ್ಟ ಹೆಸರು ಬರುತ್ತದೆ. ಅದು ಅಜ್ಜಿಯ ಹಟವೂ ಅಲ್ಲ, ಸೊಸೆಯ ತಪ್ಪೂ ಅಲ್ಲ. ಇಂಥವರನ್ನು ವೈದ್ಯರಿಗೆ ತೋರಿಸಲೇಬೇಕು. ಏಕೆಂದರೆ ಥೈರಾಯ್ಡ್ ಕೊರತೆ, ಬಿ-12 ಜೀವಸತ್ವದ ಕೊರತೆಗಳಿಂದಲೂ ಮರೆವು ಬರುತ್ತದೆ, ಅವು ವಾಸಿಯಾಗುವಂಥವು. ರಕ್ತದ ಒತ್ತಡ, ಸಕ್ಕರೆ ರೋಗ ಹಿಡಿತದಲ್ಲಿಡುವುದು, ಕಿವುಡಿಗೆ ಯಂತ್ರ, ಕಣ್ಣಿನ ಪೊರೆಗೆ ಶಸ್ತ್ರಕ್ರಿಯೆ, ಇವೆಲ್ಲ ಮರೆವಿನ ರೋಗವನ್ನು ದೂರ ತಳ್ಳಲು ನೆರವಾಗುತ್ತವೆ. ಅಮೈಲಾಯ್ಡನ್ನು ಕರಗಿಸುವ ಚುಚ್ಚುಮದ್ದುಗಳು ಅಮೆರಿಕದಲ್ಲಿ ಬಳಕೆಗೆ ಬಂದಿವೆ. ರೋಗ ಮುಂದುವರಿಯುವುದನ್ನು ಸ್ವಲ್ಪ ನಿಧಾನಿಸುತ್ತವೆ, ಹೋದ ನೆನಪನ್ನು ತರುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಜೊತೆಯಲ್ಲಿ ಮಲಗಿದರೆ ಈ ರೋಗ ಅಂಟುವುದಿಲ್ಲ. ಹೆಪ್ಪು ಎಂದ ಮಾತ್ರಕ್ಕೆ ಮನೆಯವರು ದೂರ ನಿಲ್ಲಬೇಕಿಲ್ಲ.

ಬೆನ್ನ ಮೇಲಿನ ಪಂಪು

ಈಗ ಹೊಳಲ್ಕೆರೆಯ ಅಣ್ಣನ ಕೈಗೆ ಬರೋಣ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್‌ಸನ್ ಬರೆದಿಟ್ಟ ನಡುಕದ ರೋಗ ಇದೇ ಇರಬಹುದು. ಮಿದುಳಿನ ತಳಭಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಒಂದು ಸಣ್ಣ ಗುಂಪಿನ ನರಕೋಶಗಳಿವೆ. ನಮ್ಮ ಚಲನೆ ಸರಾಗವಾಗಿರುವುದು ಅವುಗಳಿಂದ. ಆಲ್ಫಾ ಸಿನ್ಯೂಕ್ಲಿನ್ ಎಂಬ ಸಸಾರಜನಕ ಆ ಕೋಶಗಳೊಳಗೆ ಹೆಪ್ಪುಗಟ್ಟಿ ಉಂಡೆಗಳಾಗುತ್ತದೆ, ಕೋಶಗಳು ಸಾಯುತ್ತವೆ. ಅರ್ಧಕ್ಕಿಂತ ಹೆಚ್ಚು ಕೋಶಗಳು ಹೋದ ಮೇಲೆಯೇ ಕೈ ನಡುಕ ಕಾಣುವುದು. ಈ ಹೆಪ್ಪು ಹಬ್ಬುತ್ತದೆ ಎಂಬುದಕ್ಕೆ 2008ರಲ್ಲಿ ಒಂದು ಗಟ್ಟಿ ಸಾಕ್ಷ್ಯ ದೊರೆಯಿತು. ಹತ್ತು ಹದಿನೈದು ವರ್ಷ ಹಿಂದೆ ರೋಗಿಗಳ ಮಿದುಳಿಗೆ ಕಸಿ ಮಾಡಿದ್ದ ಎಳೆಯ, ಆರೋಗ್ಯವಾದ ಕೋಶಗಳಲ್ಲೂ ಅದೇ ಉಂಡೆಗಳು ಕಂಡವು.

ಕಾರಣವೇನು? ಕೆಲವರಿಗೆ ವಂಶದಿಂದ ಬರುತ್ತದೆ. ಬಹುಪಾಲು ಜನಕ್ಕೆ ವಯಸ್ಸು, ಹುಟ್ಟುಗುಣ, ಸುತ್ತಲಿನ ವಿಷ ಎಲ್ಲವೂ ಸೇರಿ ಬರುತ್ತದೆ. ವಿಷದ ಸುಳಿವು ಸಿಕ್ಕಿದ್ದು ಆಕಸ್ಮಿಕವಾಗಿ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಳ್ಳತನದಿಂದ ತಯಾರಿಸಿದ ಮಾದಕ ಪದಾರ್ಥವನ್ನು ಚುಚ್ಚಿಕೊಂಡ ಕೆಲವು ಯುವಕರು ಕೆಲವೇ ದಿನಗಳಲ್ಲಿ ಮುದುಕರಂತೆ ಸೆಟೆದು ಕುಳಿತರು. ಅದರಲ್ಲಿ ಬೆರೆತಿದ್ದ ಎಂಪಿಟಿಪಿ ಎಂಬ ಕಲ್ಮಷ ಡೋಪಮಿನ್ ಕೋಶಗಳನ್ನೇ ಹುಡುಕಿ ಕೊಂದಿತ್ತು. ಆ ಕಲ್ಮಷ ದೇಹದೊಳಗೆ ತಾಳುವ ರೂಪಕ್ಕೂ ಪ್ಯಾರಾಕ್ವಾಟ್ ಎಂಬ ಕಳೆನಾಶಕದ ರಚನೆಗೂ ಹತ್ತಿರದ ಹೋಲಿಕೆ ಇದೆ.

ಪ್ಯಾರಾಕ್ವಾಟ್ ನಮ್ಮ ತೋಟಗಳಿಗೆ ಹೊಸದಲ್ಲ. ಹೊಡೆದ ಎರಡೇ ದಿನಕ್ಕೆ ಹುಲ್ಲು ಸುಟ್ಟಂತಾಗುತ್ತದೆಂದು ಅದನ್ನು ಇಷ್ಟಪಡುವವರಿದ್ದಾರೆ. ಪ್ರಯೋಗ ನಳಿಕೆಯಲ್ಲಿ ಇದನ್ನೂ, ರೋಟಿನೋನ್ ಎಂಬ ಕೀಟನಾಶಕವನ್ನೂ ಸಿನ್ಯೂಕ್ಲಿನ್ ಜೊತೆ ಬೆರೆಸಿದಾಗ ಅದು ಬೇಗ ಎಳೆಗಟ್ಟಿತು. ರೋಟಿನೋನ್ ಕೊಟ್ಟ ಇಲಿಗಳಿಗೆ ನಡುಕದ ರೋಗದ ಲಕ್ಷಣ ಬಂದದ್ದು 2000ದಲ್ಲಿ ವರದಿಯಾಯಿತು. ರೋಟಿನೋನ್ ಗಿಡದ ಬೇರಿನಿಂದ ಬರುವಂಥದು ಎಂಬುದನ್ನು ಗಮನಿಸಬೇಕು. ಗಿಡದ್ದಾದರೆ ವಿಷವಲ್ಲ ಎಂಬ ನಂಬಿಕೆ ಸರಿಯಲ್ಲ. ಅಮೆರಿಕದ ಅಯೋವಾ ಮತ್ತು ಉತ್ತರ ಕೆರೊಲಿನಾದ ರೈತರು ಮತ್ತು ಸಿಂಪಡಣೆಗಾರರಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಎರಡರಲ್ಲಿ ಒಂದನ್ನು ಬಳಸಿದವರಿಗೆ ಪಾರ್ಕಿನ್‌ಸನ್ ರೋಗ ಬರುವ ಸಂಭವ ಇತರರಿಗಿಂತ ಸುಮಾರು ಎರಡೂವರೆ ಪಟ್ಟು ಕಂಡುಬಂದಿತು. ಅದೇ ಜನರನ್ನು ಮತ್ತೆ ವಿಂಗಡಿಸಿ ನೋಡಿದಾಗ ಪ್ಯಾರಾಕ್ವಾಟಿನ ಈ ಸಂಬಂಧ ಎದ್ದು ಕಂಡಿದ್ದು ಕೈಗವಸು ಧರಿಸದವರಲ್ಲಿ. ಯುರೋಪ್ ಒಕ್ಕೂಟದಲ್ಲಿ 2007ರಿಂದ ಪ್ಯಾರಾಕ್ವಾಟ್ ಬಳಕೆಗೆ ಅವಕಾಶವಿಲ್ಲ.

ಆದ್ದರಿಂದ ಒಬ್ಬ ರೋಗಿಯನ್ನು ಮುಂದಿಟ್ಟುಕೊಂಡು "ಇವನಿಗೆ ಇದರಿಂದಲೇ ಬಂತು" ಎಂದು ಯಾವ ವೈದ್ಯನೂ ಹೇಳಲಾರ. ಆದರೆ ಇನ್ನೂ ಪಂಪು ಹೊರುತ್ತಿರುವವರಿಗೆ ಹೇಳಬೇಕಾದ್ದು ಸ್ಪಷ್ಟವಾಗಿದೆ. ನಾವು ವಿಷಕ್ಕೆ ಔಷಧಿ ಎಂದು ಹೆಸರಿಟ್ಟಿದ್ದೇವೆ, ಹೆಸರಿನಿಂದಲೇ ಅರ್ಧ ಭಯ ಹೋಗಿದೆ. ಸೋರುವ ಪಂಪನ್ನು ಬೆನ್ನಿಗೆ ಹಾಕುವುದು, ಬರಿಗೈಯಲ್ಲಿ ಕದಡುವುದು, ನಳಿಕೆ ಕಟ್ಟಿಕೊಂಡರೆ ಬಾಯಿಟ್ಟು ಊದುವುದು, ಬರಿಗಾಲಲ್ಲಿ ಒದ್ದೆ ಹುಲ್ಲಿನ ನಡುವೆ ನಡೆಯುವುದು, ಅದೇ ಅಂಗಿಯಲ್ಲಿ ಬುತ್ತಿ ಬಿಚ್ಚುವುದು, ಇವನ್ನು ನಾವು ಹೋದಲ್ಲೆಲ್ಲ ನೋಡುತ್ತಿದ್ದೇವೆ. ಉದ್ದ ತೋಳಿನ ಅಂಗಿ, ರಬ್ಬರಿನ ಕೈಗವಸು, ಬೂಟು ಬೇಕೇ ಬೇಕು. ಗಾಳಿಗೆ ಬೆನ್ನು ಕೊಟ್ಟು ಹೊಡೆಯಬೇಕು. ಆ ಬಟ್ಟೆ ಬೇರೆಯಾಗಿ ಒಗೆಯಬೇಕು, ಮನೆಯ ಹೆಂಗಸರು ಬರಿಗೈಯಲ್ಲಿ ಒಗೆದರೆ ಅವರಿಗೂ ಅದೇ ಪಾಲು. ಪ್ಯಾರಾಕ್ವಾಟ್ ಗುಟುಕು ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷ ಇಲ್ಲ, ಆದ್ದರಿಂದ ಖಾಲಿ ಡಬ್ಬಿಯನ್ನೂ ಮನೆಗೆ ತರಬಾರದು.

ಅದಕ್ಕಿಂತ ಒಳ್ಳೆಯದು ಅದು ಬೇಡವಾಗುವಂತೆ ಮಾಡುವುದು. ಅಡಿಕೆ ತೋಟದಲ್ಲಿ ಸೋಗೆಯನ್ನು, ಹೊಸದುರ್ಗ ಕಡೆಯ ತೆಂಗಿನ ತೋಟಗಳಲ್ಲಿ ಗರಿ ಮತ್ತು ಸಿಪ್ಪೆಯನ್ನು ಬುಡಕ್ಕೆ ಹೊದಿಸಿದರೆ ಕಳೆ ಏಳುವುದು ಕಡಿಮೆಯಾಗುತ್ತದೆ, ತೇವವೂ ಉಳಿಯುತ್ತದೆ. ಸಾಲುಗಳ ನಡುವೆ ಹುಲ್ಲು ಕೊಚ್ಚುವ ಯಂತ್ರ ಬಳಸಬಹುದು. ಮೆಕ್ಕೆಜೋಳ, ಹತ್ತಿಗೆ ಸಕಾಲದಲ್ಲಿ ಎಡೆಕುಂಟೆ ಹೊಡೆದವರಿಗೆ ಕಳೆನಾಶಕದ ಹಂಗು ಅಷ್ಟಾಗಿ ಇರುವುದಿಲ್ಲ. ಕೂಲಿಗೆ ಜನ ಸಿಗುವುದಿಲ್ಲ ಎಂಬ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ. ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ನಿಮ್ಮ ಬೆಳೆಗೆ ಹೊಂದುವ ಕಳೆ ನಿರ್ವಹಣೆಯನ್ನು ವಿಚಾರಿಸಿ.

ನಸುಗುನ್ನಿ ಮತ್ತು ಗುಳಿಗೆ

ಕೈ ನಡುಗಿದ್ದೆಲ್ಲ ಪಾರ್ಕಿನ್‌ಸನ್ ಅಲ್ಲ. ಲೋಟ ಎತ್ತುವಾಗ ಮಾತ್ರ ನಡುಗಿದರೆ ಅದು ಬೇರೆ, ಕೈ ತೊಡೆಯ ಮೇಲೆ ಸುಮ್ಮನಿದ್ದಾಗ ನಡುಗಿ, ಕೆಲಸ ಮಾಡುವಾಗ ನಿಲ್ಲುವುದು ಇದರ ಲಕ್ಷಣ. ನಡೆಯುವಾಗ ಒಂದು ಕೈ ಬೀಸದಿರುವುದು, ಅಕ್ಷರ ಚಿಕ್ಕದಾಗುತ್ತ ಹೋಗುವುದು, ವಾಸನೆ ತಿಳಿಯದಿರುವುದು, ವರ್ಷಗಳ ಮಲಬದ್ಧತೆ, ನಿದ್ದೆಯಲ್ಲಿ ಕೈಕಾಲು ಬಡಿಯುವುದು ಇದರ ಜೊತೆಗಿರಬಹುದು. ವಾಂತಿಗೆ, ತಲೆಸುತ್ತಿಗೆ, ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಇದೇ ರೀತಿಯ ನಡುಕ ಬರುತ್ತದೆ, ಮಾತ್ರೆ ನಿಲ್ಲಿಸಿದರೆ ಹೋಗುತ್ತದೆ. ಆದ್ದರಿಂದ ನುಂಗುತ್ತಿರುವ ಮಾತ್ರೆಗಳ ಚೀಟಿಯೊಡನೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಅವರು ಹೇಳಿದರೆ ನಿಮ್ಹಾನ್ಸ್‌ಗೆ.

ಬೇಲಿಯಲ್ಲಿ ಹಬ್ಬುವ ನಸುಗುನ್ನಿಯನ್ನು ಮುಟ್ಟಿ ತುರಿಸಿಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ! ಆದರೆ ಅದರ ಬೀಜ ಈ ರೋಗಕ್ಕೆ ಮದ್ದೆಂದು ಆಯುರ್ವೇದದಲ್ಲಿ ಹಿಂದಿನಿಂದ ಬಳಕೆಯಲ್ಲಿದೆ. 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಆ ಬೀಜದಿಂದ ಎಲ್-ಡೋಪಾ ಎಂಬ ಪದಾರ್ಥವನ್ನು ಬೇರ್ಪಡಿಸಿದರು. ಮಿದುಳಿನಲ್ಲಿ ಡೋಪಮಿನ್ ಆಗುವುದು ಅದೇ. ಮೂವತ್ತು ವರ್ಷ ಕಳೆದು 1967ರಲ್ಲಿ ಅಮೆರಿಕದ ಕೊಟ್ಸಿಯಾಸ್ ಎಂಬ ವೈದ್ಯರು ಡೋಪಾವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಕೊಟ್ಟು, ಸೆಟೆದಿದ್ದವರನ್ನು ನಡೆಸಿದರು. ಇಂದಿಗೂ ಮುಖ್ಯ ಗುಳಿಗೆ ಎಲ್-ಡೋಪಾವೇ. ಹಾಗೆಂದು ಮನೆಯಲ್ಲಿ ಬೀಜ ಪುಡಿ ಮಾಡಿ ನುಂಗುವುದು ಸರಿಯಲ್ಲ. ಬೀಜದಿಂದ ಬೀಜಕ್ಕೆ ಎಲ್-ಡೋಪಾ ಪ್ರಮಾಣ ವ್ಯತ್ಯಾಸವಾಗುತ್ತದೆ. ಹೆಚ್ಚಾದರೆ ವಾಂತಿ, ರಕ್ತದ ಒತ್ತಡ ಇಳಿಯುವುದು, ಭ್ರಮೆ ಆಗಬಹುದು. ಗುಳಿಗೆಯಲ್ಲಿ ಜೊತೆಗಿರುವ ಕಾರ್ಬಿಡೋಪಾ ಎಂಬುದರಿಂದ ಸ್ವಲ್ಪ ಮದ್ದಿನಲ್ಲೇ ಕೆಲಸವಾಗುತ್ತದೆ. ಇದು ಹೆಪ್ಪನ್ನು ಕರಗಿಸುವ ಮದ್ದಲ್ಲ, ಕೊರತೆ ತುಂಬುವ ಮದ್ದು. ಹೆಪ್ಪನ್ನೇ ತಡೆಯುವ ಮದ್ದಿಗಾಗಿ ಹುಡುಕಾಟ ನಡೆದಿದೆ.

ಹೊಳಲ್ಕೆರೆಯ ಹಿರಿಯರಿಗೆ ಅಂದು ಹೇಳಿದ್ದು ಇಷ್ಟು: ಅಣ್ಣನನ್ನು ಈ ವಾರವೇ ಕರೆದುಕೊಂಡು ಹೋಗಿ, ಪಂಪನ್ನು ಇನ್ನು ಅವರ ಬೆನ್ನಿಗೆ ಹಾಕಬೇಡಿ, ಮಗನ ಬೆನ್ನಿಗೆ ಹಾಕುವ ಮುನ್ನ ಕೈಗವಸು ಕೊಂಡುಕೊಳ್ಳಿ. ಎಲ್-ಡೋಪಾ ಗುಳಿಗೆ ಕೊಟ್ಟರೆ ಅದನ್ನು ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಬೇಕು. ಮುದ್ದೆಯ ಜೊತೆ ಕಾಳಿನ ಸಾರು, ಬೇಳೆ, ಮಾಂಸ ತಿಂದ ಕೂಡಲೇ ನುಂಗಿದರೆ ಆ ಊಟದ ಸಸಾರಜನಕವೇ ಗುಳಿಗೆಗೆ ಅಡ್ಡ ಬಂದು ಮದ್ದು ಮಿದುಳಿಗೆ ಸರಿಯಾಗಿ ತಲುಪುವುದಿಲ್ಲ.